ಎರಡನೆಯ ಸಲ ಬಂದಾಗ

ಇಂದಿರಾನಗರದ ಆ ಮನೆಯ ವೈಕುಂಠ ಸಮಾರಾಧನೆಯಲ್ಲಿ ಎಲೆಗೆ ಬಿಸಿ ಕೇಸರಿಬಾತು ಬಿತ್ತು. ತುಪ್ಪ, ಲವಂಗದ ಘಮ ಮೂಗಿಗೆ ಬಡಿದದ್ದೇ ತಡ, ಕೆ.ಆರ್.ಪುರದ ನಮ್ಮ ಹಳೆಯ ಕ್ವಾರ್ಟರ್ಸು ಕಣ್ಣಮುಂದೆ ಬಂತು. ತೀರಿಕೊಂಡವರು ನನ್ನ ಮೊದಲ ಬಾಸ್.

ತೊಂಬತ್ತರ ದಶಕದ ಕೊನೆ. ಹಲಸೂರಿನಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದು ಸಾಫ್ಟ್‌ವೇರ್ ಕಂಪನಿ ತೆರೆದಿದ್ದರು. ಅಪ್ಪನದು ಸರ್ಕಾರಿ ಕಾರ್ಖಾನೆಯ ಕೆಲಸ. ಬೋರ್ಡೂ ಇಲ್ಲದ ಕಂಪನಿಗೆ ಮಗಳನ್ನು ಕಳಿಸುವುದುಂಟೇ! ಒಪ್ಪಿಸಲು ಅವರೇ ಮನೆಗೆ ಬಂದರು. ಇಸ್ತ್ರಿ ಮಾಡಿದ ಷರಟು, ಕೈಯಲ್ಲಿ ಸೇಬು... ಪಕ್ಕದ ಮನೆಯಾಕೆ ಹೆಣ್ಣು ನೋಡಲು ಬಂದಿದ್ದಾರೆಂದು ಬೀದಿಗೆಲ್ಲ ಸಾರಿಬಿಟ್ಟಳು.

"ಕಂಪನಿ ಮುಚ್ಚೋ ಹಾಗಾದ್ರೆ ನಾನೇ ಬಂದು ಹೇಳ್ತೀನಿ ಸಾರ್. ಬೇರೆಯವರ ಬಾಯಿಂದ ಕೇಳೋ ಹಾಗಾಗಲ್ಲ" ಎಂದರು. ಅಮ್ಮನ ಕೇಸರಿಬಾತನ್ನು ಕೇಳಿ ಕೇಳಿ ಹಾಕಿಸಿಕೊಂಡರು. ಅಪ್ಪ ಒಪ್ಪಿದ.

ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಅಮೆರಿಕದ ಗಿರಾಕಿಗಳು ಒಬ್ಬೊಬ್ಬರಾಗಿ ಕೈಕೊಟ್ಟರು, ಕಂಪನಿ ಮುಳುಗಿತು. ಕೊಟ್ಟ ಮಾತಿನಂತೆ ಅವರು ಬಂದರು, ಉರಿಬಿಸಿಲಲ್ಲಿ, ಬಸ್ಸಿನಲ್ಲಿ. ಅಪ್ಪ ಬಾಗಿಲಲ್ಲೇ ನಿಲ್ಲಿಸಿದ.

"ಅವತ್ತು ಸೇಬು ತಂದು ಮರುಳು ಮಾಡಿದ್ರಿ. ಇವತ್ತೇನ್ರೀ ತಂದಿದೀರಾ?"

ಅವರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, "ಸ್ವಲ್ಪ ನೀರು ಸಿಗುತ್ತಾ ಅಮ್ಮಾ?" ಎಂದರು.

ಅಮ್ಮ ಅಪ್ಪನ ಮುಖ ನೋಡಿದಳು. ನಾನು ಅಡುಗೆಮನೆಯಲ್ಲಿ ಬಿಂದಿಗೆಯ ಪಕ್ಕವೇ ನಿಂತಿದ್ದೆ. ಕೆಲಸ ಹೋದ ಸಿಟ್ಟೋ, ಅಪ್ಪನ ಹೆದರಿಕೆಯೋ... ಅಲುಗಾಡಲಿಲ್ಲ. ಅವರು ಸ್ವಲ್ಪ ಹೊತ್ತು ಕಾದು, ಗೇಟು ಹಾಕಿಕೊಂಡು ಹೋದರು. ಅಂದಿನಿಂದ ಅವರ ಕಣ್ಣಿಗೆ ಬೀಳದಂತೆ ತಪ್ಪಿಸಿಕೊಂಡೇ ತಿರುಗಿದೆ.

ಅವರು ಮತ್ತೆ ಎದ್ದು ನಿಂತರು. ಇನ್ನೊಂದು ಕಂಪನಿ ಕಟ್ಟಿ ಮಾರಿದರು. ಆಮೇಲೆ ಹುಡುಗ ಹುಡುಗಿಯರ ಹೊಸ ಕಂಪನಿಗಳಿಗೆ ಬಂಡವಾಳ ಹಾಕತೊಡಗಿದರು. ಇವತ್ತು ಪಂಕ್ತಿಯ ತುಂಬ ಆ ಮಕ್ಕಳೇ. "ದುಡ್ಡು ಹಾಕೋ ಮುಂಚೆ ನಮ್ಮನೆಗೂ ಬಂದು ಅಪ್ಪ ಅಮ್ಮನ ಹತ್ರ ಮಾತಾಡಿದ್ರು" ಎಂದ ಪಕ್ಕದ ಹುಡುಗ.

ಆ ಕಾಲದಲ್ಲಿ ಹಲಸೂರಿನ ಆಫೀಸಿಗೆ ಊಟ ತಂದುಕೊಡುತ್ತಿದ್ದ ಅವರ ಹೆಂಡತಿ ನನ್ನ ಗುರುತು ಹಿಡಿದು ಎದುರಿಗೆ ಬಂದು ನಿಂತರು.

"ಕೇಸರಿಬಾತ್ ಇನ್ನೊಂಚೂರು ಹಾಕಿಸ್ಕೊಳಮ್ಮ. ನಿಮ್ಮನೇಲಿ ಎಷ್ಟು ಚೆನ್ನಾಗಿ ನೋಡ್ಕೊಂಡ್ರು ಅಂತ ಕೊನೇವರೆಗೂ ಹೇಳ್ತಿದ್ರು."

ಎರಡನೆಯ ಸಲ ನಮ್ಮನೆಗೆ ಬಂದದ್ದನ್ನು ಬಾಸ್ ಹೆಂಡತಿಗೆ ಹೇಳಿಯೇ ಇರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತಪ್ಪಾಯಿತು ಎನ್ನೋಣವೆಂದರೆ ಅವರೇ ಇಲ್ಲ... ಆಕೆ ಬಗ್ಗಿ ನನ್ನ ಲೋಟಕ್ಕೆ ನೀರು ಹಾಕಿದರು.