ಐವತ್ತೈದು ಸೆಂಟಿಮೀಟರ್

ದೆವ್ವ ಕಂಡೆ, ಯಾರೋ ಕರೆದ ಹಾಗಾಯಿತು ಎಂದು ಹೇಳಿಕೊಂಡು ಬಂದವರ ಬಾಯನ್ನು ನಾನು ಎರಡೇ ಪ್ರಶ್ನೆಯಲ್ಲಿ ಮುಚ್ಚಿಸುತ್ತಿದ್ದೆ. ಅಳತೆ ಮಾಡಿದಿರಾ? ಬರೆದಿಟ್ಟಿರಾ? ನನ್ನ ಕೆಲಸವೇ ಅಂಥದ್ದು. ನೈರೋಬಿಯ ಒಂದು ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟದ ವಿಭಾಗ ನನ್ನದು. ನೂರು ಬಾಟಲಿ ಎಂದು ಬರೆದ ಕಡೆ ತೊಂಬತ್ತೊಂಬತ್ತಿದ್ದರೆ ಸಹಿ ಹಾಕುವವಳಲ್ಲ. ಅಂಥ ನಾನು ಈಗ ಹೇಳಹೊರಟಿರುವುದು ನೆನೆದರೆ ನನಗೇ ರೇಗುವ ವಿಷಯ. ಅವತ್ತು ಅಳತೆಯನ್ನೂ ಮಾಡಿದ್ದೆ, ಬರೆದೂ ಇಟ್ಟಿದ್ದೆ. ಅದರಿಂದ ನಾಲ್ಕು ಕಾಸಿನ ಪ್ರಯೋಜನವಾಗಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಆಗ ನಾವು ನೈರೋಬಿಯ ಲೊರೆಶೋ ಬಡಾವಣೆಯಲ್ಲಿ ಹೆನ್ನಿ ಎಂಬ ಡಚ್ ಮುದುಕಿಯ ಬಂಗಲೆಯ ಹಿಂದಿನ ಪುಟ್ಟ ಮನೆಯಲ್ಲಿ ಬಾಡಿಗೆಗಿದ್ದೆವು. ಆಕೆಯ ಗಂಡ ಹೂವಿನ ತೋಟದ ಕೆಲಸಕ್ಕೆಂದು ಕೀನ್ಯಾಕ್ಕೆ ಬಂದವನು ಇಲ್ಲೇ ತೀರಿಕೊಂಡಿದ್ದ, ಆಕೆ ಇಲ್ಲೇ ಉಳಿದಿದ್ದಳು. ವಯಸ್ಸು ಎಂಬತ್ತನಾಲ್ಕು. ತೋಟದ ಕೆಲಸದ ಕಮಾವು ಆಕೆಯನ್ನು ಮಾಮಾ ಹೆನ್ನಿ, ಅಂದರೆ ಹೆನ್ನಿಯಮ್ಮ, ಎನ್ನುತ್ತಿದ್ದ, ನಾವೂ ಹಾಗೇ ಕರೆಯುತ್ತಿದ್ದೆವು. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಚಹಾಕ್ಕೆ ಕರೆಯುವಳು. ಚಹಾದ ಜೊತೆ ಸೆರೆಶಿಬಿರದ ಕಥೆ.

ಮಹಾಯುದ್ಧದಲ್ಲಿ ಜಪಾನಿನ ಸೈನ್ಯ ಜಾವಾ ದ್ವೀಪವನ್ನು ಹಿಡಿದಾಗ ಹೆನ್ನಿ ಅಲ್ಲಿದ್ದ ಡಚ್ ಕುಟುಂಬವೊಂದರ ಮಗು. ಗಂಡಸರನ್ನು ಬೇರೆ ಮಾಡಿ, ಹೆಂಗಸರು ಮಕ್ಕಳನ್ನು ಬಿದಿರಿನ ಬೇಲಿಯೊಳಗೆ ತುಂಬಿದರಂತೆ. ಗಂಜಿ ಎಂಬ ಹೆಸರಿನ ಅಂಟು ನೀರು. ಕಾವಲಿನವರು ಎದುರಾದರೆ ಸೊಂಟದ ತನಕ ಬಗ್ಗಬೇಕು. ದಿನಾ ಹಾಜರಿ. ಲೆಕ್ಕದಲ್ಲಿ ಒಂದು ತಲೆ ಹೆಚ್ಚುಕಡಿಮೆಯಾದರೂ ಅದು ಸರಿಹೋಗುವ ತನಕ ಎಲ್ಲರೂ ಬಿಸಿಲಲ್ಲಿ ನಿಂತಿರಬೇಕು. ಮೊದಲ ಸಲ ಕೇಳಿದಾಗ ನಾನು ಅತ್ತಿದ್ದೆ. ಹತ್ತನೆಯ ಸಲದ ಹೊತ್ತಿಗೆ, ನಿಜ ಹೇಳುತ್ತೇನೆ, ಗಡಿಯಾರ ನೋಡುತ್ತಿದ್ದೆ.

ಆಕೆಗೆ ಹಾಲೆಂಡಿನಲ್ಲಿ ಒಬ್ಬ ಅಕ್ಕ ಇದ್ದಳು. ಮನೆಮಂದಿಗೆಲ್ಲ ಇರಲಿ ಎಂದು ಅವಳು ಶಿಬಿರದ ಚರಿತ್ರೆ ಬರೆಯುತ್ತಿದ್ದಳು. ಜಗಳ ಶುರುವಾದದ್ದು ಅಲ್ಲಿಂದ. ತನ್ನ ಪಕ್ಕದಲ್ಲಿ ಲೀಸ್ ಎಂಬ ಹುಡುಗಿ ಮಲಗುತ್ತಿದ್ದಳು ಎಂದು ಹೆನ್ನಿ. ತಾಯಿ ಸತ್ತ ಮಗು, ಹೆನ್ನಿಯ ಅಮ್ಮನೇ ಕರೆದು ಜಾಗ ಕೊಟ್ಟಿದ್ದಳಂತೆ. ಒಂದು ಬೆಳಿಗ್ಗೆ ಎದ್ದರೆ ಅವಳಿರಲಿಲ್ಲ. ಹೆಂಗಸರೆಲ್ಲ ಒಂದಿಷ್ಟು ಒಂದಿಷ್ಟು ಸರಿದು ಮಲಗಿದರು, ಜಾಗ ಮುಚ್ಚಿಹೋಯಿತು. ಆಮೇಲೆ ಅವಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅಂಥವಳೇ ಇರಲಿಲ್ಲ, ಜ್ವರದಲ್ಲಿ ನೀನೇ ಕಟ್ಟಿಕೊಂಡದ್ದು ಎಂದು ಅಕ್ಕ. ಅಲ್ಲಿ ಮಲಗುತ್ತಿದ್ದವರದೆಂದು ಅಮ್ಮ ಬರೆದಿಟ್ಟ ಪಟ್ಟಿಯಲ್ಲಿ ಇಪ್ಪತ್ತನಾಲ್ಕೇ ಹೆಸರು. ಅಮ್ಮನ ನಕ್ಷೆಯಲ್ಲಿ ಮಲಗುವ ಬಿದಿರಿನ ಜಗಲಿ ಹದಿಮೂರು ಮೀಟರ್ ಇಪ್ಪತ್ತು, ತಲೆಗೆ ಐವತ್ತೈದು ಸೆಂಟಿಮೀಟರ್. ಅವಳು ಎಲ್ಲಿ ಮಲಗಿದ್ದಳೋ ಅಳೆದು ತೋರಿಸು, ಪುಸ್ತಕದಲ್ಲಿ ಹಾಕುತ್ತೇನೆ ಎಂದು ಅಕ್ಕ ಬರೆದಳು. ಪುಸ್ತಕ ಸೋಮವಾರ ಅಚ್ಚಿಗೆ ಹೋಗುವುದಿತ್ತು.

ಹೆನ್ನಿ ಆ ಕಾಗದ, ಅದರ ಜೊತೆ ಬಂದ ಪಟ್ಟಿ ಮತ್ತು ನಕ್ಷೆಯ ಪ್ರತಿ ಹಿಡಿದು ನನ್ನ ಬಾಗಿಲಿಗೆ ಬಂದಳು. "ನೀನು ಔಷಧಿಗೆ ಸಹಿ ಹಾಕುವವಳು. ನೀನು ಅಳೆದು ಬರೆದುಕೊಟ್ಟರೆ ಅವಳು ನಂಬುತ್ತಾಳೆ" ಎಂದಳು. ಇದರಲ್ಲಿ ಅಳೆಯುವುದೇನಿದೆ? ಫೋನಿನಲ್ಲಿ ಭಾಗಾಕಾರ ಮಾಡಿ ತೋರಿಸಿದೆ. ಇಪ್ಪತ್ತನಾಲ್ಕು, ಚುಕ್ತಾ. ಆಕೆ ಅದರ ಕಡೆ ಕಣ್ಣೂ ಹಾಯಿಸಲಿಲ್ಲ, ನೆಲದ ಮೇಲೆ ಅಳೆದು ತೋರಿಸು ಎಂದು ಹಟ ಹಿಡಿದಳು. ಬೇಲಿ ಮೇಲಿದ್ದ ಓತಿಕ್ಯಾತವನ್ನು ಕಿವಿಗೆ ಬಿಟ್ಟುಕೊಂಡೆ, ಹೂಂ ಎಂದೆ.

ಶನಿವಾರ ಮಧ್ಯಾಹ್ನ ಎರಡಕ್ಕೆ ಬಂಗಲೆಯ ಹುಲ್ಲಿನ ಮೇಲೆ ಕೂತೆ. ದೀಪಾವಳಿಗೆಂದು ನ್ಗಾರಾದ ಅಂಗಡಿಯಲ್ಲಿ ತಂದ ರಂಗೋಲಿ ಪುಡಿ ಮಿಕ್ಕಿತ್ತು. ಟೇಪು ಹಾಸಿ ಹದಿಮೂರು ಇಪ್ಪತ್ತಕ್ಕೆ ಎರಡು ಉದ್ದ ಗೆರೆ ಎಳೆದು, ಐವತ್ತೈದಕ್ಕೊಂದು ಅಡ್ಡಗೆರೆ ಬಿಡುತ್ತಾ ಹೋದೆ. ಮುಗಿಸಿ ಗೆರೆಗಳ ನಡುವಿನ ಮನೆಗಳನ್ನು ಎಣಿಸಿದೆ. ಇಪ್ಪತ್ತೈದು.

ಮತ್ತೆ ಎಣಿಸಿದೆ. ಇಪ್ಪತ್ತೈದೇ. ಒಂದೊಂದು ಮನೆಯನ್ನೂ ಅಳೆದೆ, ಎಲ್ಲವೂ ಐವತ್ತೈದು. ಒಟ್ಟು ಉದ್ದ ಅಳೆದೆ, ಹದಿಮೂರು ಇಪ್ಪತ್ತು. ಇಪ್ಪತ್ತೈದು ಮನೆಗೆ ಹದಿಮೂರು ಮೀಟರ್ ಎಪ್ಪತ್ತೈದು ಬೇಕಲ್ಲ, ಮಿಕ್ಕ ಐವತ್ತೈದು ಸೆಂಟಿಮೀಟರ್ ಎಲ್ಲಿಂದ ಬಂತು? ತಲೆ ಚಿಟ್ಟು ಹಿಡಿಯಿತು. ಮಗಳ ಹಲ್ಲು ತೋರಿಸಲು ಹರ್ಲಿಂಗ್‌ಹ್ಯಾಮಿಗೆ ಹೋಗಿದ್ದ ಗಂಡನಿಗೆ ಫೋನು ಮಾಡಿದೆ.

"ನೀನು ಗೆರೆ ಎಣಿಸಿರ್ತೀಯ ಕಣೇ" ಎಂದರು. "ಇಪ್ಪತ್ನಾಲ್ಕು ಗ್ಯಾಪಿಗೆ ಇಪ್ಪತ್ತೈದು ಗೆರೆ ಬರುತ್ತೆ. ಸಿಂಪಲ್."

"ಇಷ್ಟು ವರ್ಷ ಕ್ವಾಲಿಟಿ ನೋಡ್ದೋಳಿಗೆ ಗೆರೆ ಯಾವ್ದು ಗ್ಯಾಪ್ ಯಾವ್ದು ಅಂತ ಗೊತ್ತಾಗಲ್ವೇನ್ರೀ?" ಎಂದು ಫೋನು ಇಟ್ಟೆ. ಹಿಂದಿನಿಂದ ಮಗಳು "ಅಮ್ಮಾ, ಜಸ್ಟ್ ಲೆಟ್ ಇಟ್ ಗೋ" ಎಂದದ್ದೂ ಕೇಳಿಸಿತು. ಸಿಟ್ಟು ಇನ್ನೂ ಏರಿತು.

ಕಮಾವುವನ್ನು ಕರೆದು ಎಣಿಸು ಎಂದೆ. ಅವನು ಒಂದೊಂದು ಮನೆಯಲ್ಲೂ ಕಾಲಿಟ್ಟು ನಡೆದು, "ಇಶಿರಿನಿ ನಾ ತಾನೊ" ಎಂದ. ಅವನ ಲೆಕ್ಕದಲ್ಲೂ ಇಪ್ಪತ್ತೈದೇ. ಎಲ್ಲವನ್ನೂ ಪೊರಕೆಯಲ್ಲಿ ಅಳಿಸಿ ಇನ್ನೊಂದು ತುದಿಯಿಂದ ಹೊಸದಾಗಿ ಎಳೆದೆ. ಮತ್ತೆ ಇಪ್ಪತ್ತೈದು. ಟೇಪು ಸರಿಯಿಲ್ಲ ಎಂದು ಗಂಡನ ಡಬ್ಬಿಯಿಂದ ಬೇರೆ ಟೇಪು ತಂದೆ, ಅದರಲ್ಲೂ ಇಪ್ಪತ್ತೈದೇ. ಸೊಂಟ ಬಿದ್ದುಹೋಗಿತ್ತು, ಕೈಯೆಲ್ಲ ಪುಡಿ, ಬಾಯಲ್ಲಿ ಮಗಳ ಕಿವಿಗೆ ಬೀಳಬಾರದ ಮಾತುಗಳು.

ತಲೆ ಎತ್ತಿದಾಗ ಹೆನ್ನಿ ಕಂಡಳು. ವರಾಂಡದಲ್ಲಿ ಕುರ್ಚಿ ಹಾಕಿಸಿದ್ದೆ, ಅದು ಖಾಲಿ. ಗೆರೆಗಳ ಆ ತುದಿಯಲ್ಲಿ, ಬಿಸಿಲಲ್ಲಿ, ಕೈಗಳನ್ನು ಮೈಗೆ ಅಂಟಿಸಿಕೊಂಡು ನೆಟ್ಟಗೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಕೂತ್ಕೊಳ್ಳಿ ಮಾಮಾ, ದಯವಿಟ್ಟು" ಎಂದು ಕಿರುಚಿದೆ.

"ಲೆಕ್ಕ ಸರಿಹೋಗುವ ತನಕ ಕೂರುವ ಹಾಗಿಲ್ಲ" ಎಂದಳು. ಅದರಲ್ಲಿ ಕೊಂಕೂ ಇರಲಿಲ್ಲ, ತಮಾಷೆಯೂ ಇರಲಿಲ್ಲ.

ಟೇಪು ಕೈಬಿಟ್ಟೆ. ಒಂದೂವರೆ ಗಂಟೆಯಿಂದ ನಾನು ಮಾಡುತ್ತಿದ್ದದ್ದು ಏನೆಂದು ಆಗ ಹೊಳೆಯಿತು. ನನಗೆ ಅಷ್ಟು ನಾಚಿಕೆಯಾದದ್ದು ಬೇರೆ ಯಾವತ್ತೂ ಇಲ್ಲ.

ಹೋಗಿ ಆಕೆಯ ಕೈ ಹಿಡಿದುಕೊಂಡೆ. ಅಡುಗೆಮನೆಯಿಂದ ಆಲೂಗಡ್ಡೆ ತರಿಸು ಎಂದಳು. ಇಪ್ಪತ್ತನಾಲ್ಕನ್ನು ನಾನೇ ಎಣಿಸಿ ಬುಟ್ಟಿಗೆ ಹಾಕಿದೆ. ಅಮ್ಮನ ಪಟ್ಟಿ ಹಿಡಿದು ಆಕೆ ಒಬ್ಬೊಬ್ಬರ ಹೆಸರು ಹೇಳಿ ಅವರ ಜಾಗ ತೋರಿಸಿದಳು, ಕಮಾವು ಅಲ್ಲಲ್ಲಿ ಒಂದೊಂದು ಇಟ್ಟ. ಅಮ್ಮ, ಅಕ್ಕ, ಕೊನೆಗೆ ತಾನು. ಬುಟ್ಟಿ ಬರಿದಾಯಿತು. ಆಕೆಯ ಜಾಗದ ಪಕ್ಕದ ಮನೆ ಖಾಲಿ ಇತ್ತು. ಆಕೆ ಅಳಲಿಲ್ಲ. ಅದನ್ನೇ ನೋಡುತ್ತಾ, "ಬರೆಯುತ್ತೀಯಾ?" ಎಂದಳು.

ಸಾಕ್ಷಿಗಿರಲಿ ಎಂದು ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ನಾಲ್ಕು ಗಂಟೆಗೆ ಮಳೆ ಹೊಡೆದು ಗೆರೆಯೆಲ್ಲ ಹುಲ್ಲಿನೊಳಗೆ ಇಳಿದುಹೋಯಿತು.

ಸಂಜೆ ಸಹಿ ಹಾಕುವ ಮುಂಚೆ, ಅಭ್ಯಾಸಬಲ ನೋಡಿ, ಫೋಟೋ ತೆರೆದು ಎಣಿಸಿದೆ. ಇಪ್ಪತ್ತನಾಲ್ಕು ಮನೆ. ಇಪ್ಪತ್ತನಾಲ್ಕು ಆಲೂಗಡ್ಡೆ. ಆ ತುದಿಯಿಂದ ಈ ತುದಿಯವರೆಗೆ ಎಲ್ಲೂ ಒಂದು ಮನೆ ಖಾಲಿಯಿಲ್ಲ. ಗಂಡನ ಕೈಗೆ ಕೊಟ್ಟೆ. ಅವರು ಎಣಿಸಿ, "ನಾನು ಹೇಳ್ಲಿಲ್ವಾ?" ಎಂದರು. ಫೋನನ್ನು ಅವರ ಕೈಯಿಂದ ಕಿತ್ತುಕೊಂಡೆ.

ಫೋಟೋವನ್ನು ಹೆನ್ನಿಗೆ ತೋರಿಸಲಿಲ್ಲ. ನಕ್ಷೆಯ ಕೆಳಗೆ, ನೆಲದ ಮೇಲೆ ಅಳೆದಾಗ ಸಿಕ್ಕ ಜಾಗಗಳು ಇಪ್ಪತ್ತೈದು ಎಂದು ಬರೆದು, ಹೆಸರು, ಹುದ್ದೆ ಸಮೇತ ಸಹಿ ಹಾಕಿಕೊಟ್ಟೆ. ಅದು ಅವತ್ತು ರಾತ್ರಿಯೇ ಇಮೇಲಿನಲ್ಲಿ ಅಕ್ಕನಿಗೆ ಹೋಯಿತು. ಪುಸ್ತಕ ಬಂತು. ಅದರಲ್ಲಿ ಲೀಸ್ ಇದ್ದಾಳೆ, ಹೆನ್ನಿಯ ಪಕ್ಕದಲ್ಲೇ. ಮರುವರ್ಷ ಹೆನ್ನಿ ತೀರಿಕೊಂಡಳು.

ಆ ಫೋಟೋ ಇನ್ನೂ ನನ್ನ ಹತ್ತಿರ ಇದೆ. ಆಗಾಗ ತೆರೆದು ಎಣಿಸುತ್ತೇನೆ, ಇಪ್ಪತ್ತನಾಲ್ಕೇ ಬರುತ್ತದೆ, ಸಿಟ್ಟು ಬಂದು ಮುಚ್ಚುತ್ತೇನೆ. ನನ್ನ ಕೈಕೆಳಗಿನವರು ಇಂಥ ವರದಿ ತಂದರೆ ಮುಖಕ್ಕೆ ಎಸೆಯುತ್ತಿದ್ದೆ. ನನ್ನಲ್ಲಿರುವ ಒಂದೇ ಒಂದು ಸಾಕ್ಷಿ ನನ್ನ ಸಹಿಗೇ ಎದುರು ನಿಂತಿದೆ. ಆದರೂ ಇವತ್ತು ಯಾರಾದರೂ ಬಂದು ಇನ್ನೊಮ್ಮೆ ಬರೆದುಕೊಡು ಎಂದರೆ ಇಪ್ಪತ್ತೈದು ಎಂದೇ ಬರೆಯುತ್ತೇನೆ. ಯಾಕೆ ಅಂತ ಮಾತ್ರ ನನ್ನನ್ನು ಕೇಳಬೇಡಿ.