ಎತ್ತಿನ ಸೋಮವಾರ

ಸಿದ್ದಮಲ್ಲಪ್ಪನ ಹೆಸರೆತ್ತಿದರೆ ಗಾಡಿ ಮುತ್ತಯ್ಯ ಇವತ್ತಿಗೂ ಬಾಯಲ್ಲಿರುವ ಎಲೆಅಡಿಕೆ ಉಗಿದುಬಿಡುತ್ತಾನೆ.

ಕೌದಳ್ಳಿಯಿಂದ ಮೂರು ಮೈಲಿ ಒಳಗಿನ ಅವರ ಊರಲ್ಲಿ ಸೋಮವಾರ ಮಾದಪ್ಪ ದೇವರ ವಾರವೆಂದು ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅರವತ್ತೆರಡನೇ ಇಸವಿಯಲ್ಲಿ ಸಿದ್ದಮಲ್ಲಪ್ಪ ಭಾನುವಾರದ ಉಳುಮೆಗೆಂದು ಮುತ್ತಯ್ಯನ ಎತ್ತು ಕೆಂದನನ್ನು ಕೇಳಿ ಪಡೆದ. ತಾಯಿ ಸತ್ತ ಕರುವಾಗಿದ್ದಾಗ ಬಟ್ಟೆ ಅದ್ದಿ ಹಾಲು ಚೀಪಿಸಿ ಮುತ್ತಯ್ಯ ಸಾಕಿದ ಎತ್ತು ಅದು. ಸಂಜೆ ವಾಪಸು ಕಳಿಸಲಿಲ್ಲ. ಮಾರನೆಯ ದಿನ ಅದನ್ನೇ ಗಾಡಿಗೆ ಕಟ್ಟಿ, ಮನೆಗೆ ಕಲ್ಲು ಹೇರಿ, ಕಲ್ಲಿನ ಮೇಲೆ ತಾನೂ ಹತ್ತಿ ಕೂತ. ಸೋತಿದ್ದ ಎತ್ತು ಹಳ್ಳದ ಇಳಿಜಾರಿನಲ್ಲಿ ಮುಗ್ಗರಿಸಿ ಕಾಲು ಮುರಿದುಕೊಂಡಿತು. ಮೂರು ದಿನ ನರಳಿ ಸತ್ತಿತು.

ಯಜಮಾನರ ಜಗಲಿಯಲ್ಲಿ ನ್ಯಾಯ ಸೇರಿತು. ಸಿದ್ದಮಲ್ಲಪ್ಪ ತಲೆ ಕೆರೆದುಕೊಂಡ. “ತಪ್ಪಾಯ್ತು ಕಣ್ರಪ್ಪ. ಮಾದಪ್ಪನ್ಗೆ ಕಾಯಿ ಒಡ್ದಿವ್ನಿ. ಬದ್ಲಿಗೆ ನನ್ನೆತ್ತು ಒಂದ ಒಡ್ಕಂಡೋಗ್ಲಿ.”

“ಕಾಯಿ ಮಾದಪ್ಪನ್ಗಾಯ್ತು, ಎತ್ತು ನನ್ಗಾಯ್ತು. ಸತ್ತೋದ್ದುಕ್ಕೆ ಏನ್ಲಾ ಕೊಟ್ಟೆ?” ಮುತ್ತಯ್ಯ ಎದ್ದು ನಿಂತ. “ನಿನ್ ಮಗ ಸತ್ರೆ ಬದ್ಲಿಗೆ ಇನ್ನೊಬ್ಬನ್ನ ಈಸ್ಕತಿದ್ದಾ? ನಿಂಗೆಂಗೋ ಅದ್ಕೂ ಅಂಗೇ ನೋವು. ಒಂದು ಸೋಮ್ವಾರ ನೀನು ನೊಗಕ್ಕೆ ಕತ್ತು ಕೊಡು, ಕಲ್ಲು ಹೇರ್ತೀನಿ. ಅಲ್ಲಿಗೆ ಸರಿ.”

ಜಗಲಿ ತುಂಬ ನಗು. “ಎತ್ಗೂ ಮನ್ಸುಂಗೂ ಒಂದೇ ನ್ಯಾಯ್ವಾ ಮುತ್ತಣ್ಣ? ನಾಳೆ ಓಟೂ ಆಕ್ಸೀಯೆ!” ಎಂದ ಊರ ಯಜಮಾನ ದೊಡ್ಡಮಾದಯ್ಯ.

ಬದಲಿ ಎತ್ತನ್ನು ಮುತ್ತಯ್ಯ ಮುಟ್ಟಲಿಲ್ಲ. ಆ ನಗು ಮಾತ್ರ ಒಂಬತ್ತು ವರ್ಷ ಕಿವಿಯಲ್ಲೇ ಇತ್ತು.

ಎಪ್ಪತ್ತೊಂದರ ಒಂದು ಬೆಳಿಗ್ಗೆ ಸಿದ್ದಮಲ್ಲಪ್ಪ ಹುಣಸೆಮರದಿಂದ ಬಿದ್ದು ಕಾಲು ಮುರಿದುಕೊಂಡ. ಕೊಳ್ಳೇಗಾಲದ ಆಸ್ಪತ್ರೆಗೆ ಬಸ್ಸು ಹಿಡಿಯಲು ಕೌದಳ್ಳಿಗೇ ಹೋಗಬೇಕು. ಅವನ ಗಾಡಿ ಮಾರಿಹೋಗಿತ್ತು, ಊರಲ್ಲಿದ್ದುದು ಮುತ್ತಯ್ಯನದೊಂದೇ. ಸಿದ್ದಮಲ್ಲಪ್ಪನ ಬೆಳೆದ ಗಂಡುಮಕ್ಕಳಿಬ್ಬರೂ ಓಡಿ ಬಂದರು.

“ಇವತ್ತು ಸೋಮ್ವಾರ ಕಣ್ರಲಾ,” ಎಂದ ಮುತ್ತಯ್ಯ, ಎತ್ತಿನ ಮೈ ತಿಕ್ಕುತ್ತ.

“ಅಪ್ಪ ಗೋಳಾಡ್ತಾವ್ನೆ, ದೊಡ್ಡಪ್ಪ!”

“ಅದೂ ಮೂರು ದಿನ ಗೋಳಾಡ್ತು. ಗಾಡಿ ಬೇಕಾ, ತಕಂಡೋಗಿ. ಎತ್ತು ಬರಾಕಿಲ್ಲ.”

“ನಿಮ್ಮೊಟ್ಟೇಲಿ ಕರುಳಿಲ್ವಾ?” ಎಂದು ಮುತ್ತಯ್ಯನ ಹೆಂಡತಿ ಪುಟ್ಟಮಲ್ಲಮ್ಮ ಬಾಯಿ ಬಡಿದುಕೊಂಡಳು. ಅವನು ಕದಲಲಿಲ್ಲ. ಕೊನೆಗೆ ಮಕ್ಕಳೇ ನೊಗ ಹೊತ್ತರು. ಮೂರು ಮೈಲಿಯೂ ಮುತ್ತಯ್ಯ ಪಕ್ಕದಲ್ಲೇ ನಡೆದ. ಹಳ್ಳದ ಏರಿನಲ್ಲಿ ಅವರ ಹೆಗಲು ಸುಲಿದು ಅಂಗಿ ಕೆಂಪಾಯಿತು. ಅದನ್ನು ನೋಡಬೇಕೆಂದೇ ಬಂದಿದ್ದ, ಕಣ್ತುಂಬ ನೋಡಿದ.

ಸಿದ್ದಮಲ್ಲಪ್ಪ ಗಾಡಿಯಿಂದ ಗೋಣೆತ್ತಿ, “ಈಗ್ಲಾದ್ರೂ ತೀರ್ತೇನ್ಲಾ?” ಎಂದ.

“ಎಲ್ಲಿ ತೀರ್ತು? ಅವತ್ತೂ ನೀನು ಗಾಡಿ ಮೇಲೇ ಇದ್ದೆ. ಇವತ್ತೂ ಮೇಲೇ ಇದ್ದೀಯೆ.”

ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಮೂರು ವರ್ಷಕ್ಕೆ ಸಿದ್ದಮಲ್ಲಪ್ಪ ಸತ್ತ. ಮಣ್ಣಿಗೆ ಊರೆಲ್ಲ ಹೋಯಿತು, ಮುತ್ತಯ್ಯನೂ ಹೋದ. ಹಿಡಿ ಮಣ್ಣು ಹಾಕಲಿಲ್ಲ. ಗುಂಡಿಯೊಳಕ್ಕೆ ಬಗ್ಗಿ, “ನನ್ ಕೆಂದನ್ಗೆ ಒಂದು ಸೋಮ್ವಾರ ಬಾಕಿ ಕಣ್ಲಾ,” ಎಂದು ಹೇಳಿ ಬಂದ.