ಆರದ ದೀಪ, ನಿಲ್ಲದ ಕಾರು

ಕಾರಿಗೆ ಬೀಗ ಹಾಕಿದ ಮೇಲೆ ಗಾಜಿಗೆ ಮೂಗೊತ್ತಿ ಒಳಗೆ ಇಣುಕುವುದು ನನಗೆ ಅಂಟಿದ ಚಟ. ಕೋಥರೂಡ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ಹೊಸದಾಗಿ ಬಂದ ವಾಚ್‌ಮನ್ ಒಮ್ಮೆ ಕಳ್ಳನೆಂದು ನನ್ನ ಕಾಲರಿಗೇ ಕೈ ಹಾಕಿದ್ದ. ಅವನಿಗೆ ಹೇಳಲಾಗದ ಕಾರಣವನ್ನು ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಅದೇ ನಗರದ ಧನಕವಡಿಯ ಇಳಿಜಾರು ರಸ್ತೆಯೊಂದರಲ್ಲಿ ನಮ್ಮ ಮನೆಯಿದ್ದಾಗ, ನಾನು ಕೊಂಡ ಹಳೆಯ ಕಾರಿಗೆ ನಿದ್ರಾರೋಗವಿತ್ತು. ವಾರವಿಡೀ ನಿಂತದ್ದು ಭಾನುವಾರ ಕೀಲಿ ತಿರುಗಿಸಿದರೆ ‘ಟಕ್’ ಎಂದು ಸುಮ್ಮನಾಗುತ್ತಿತ್ತು. ಬ್ಯಾಟರಿ ಬದಲಿಸಿದರೂ ಅದೇ ಕಥೆ. ವಿಜ್ಞಾನದ ಪದವೀಧರನಾದ ನಾನು ರೋಗದ ಮೂಲ ಹುಡುಕುವ ಬದಲು ಒಂದು ಕಲ್ಲು ಹುಡುಕಿದೆ. ಕಾರನ್ನು ಇಳಿಜಾರಿಗೆ ಮುಖಮಾಡಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವುದು. ಹೊರಡುವಾಗ ಹ್ಯಾಂಡ್‌ಬ್ರೇಕ್ ಇಳಿಸಿ, ಕಲ್ಲು ಸರಿಸಿ, ಓಡಿ ಒಳಗೆ ಹಾರಿ, ಉರುಳುವ ವೇಗದಲ್ಲೇ ಗೇರ್ ಹಾಕಿ ಎಂಜಿನ್ ಎಬ್ಬಿಸುವುದು. ಈ ಸರ್ಕಸ್ಸಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಒಂದು ಭಾನುವಾರ ಭೋರ್ ಎಂಬ ಊರಿನಲ್ಲಿ ನೆಂಟರ ಮಗುವಿಗೆ ತೊಟ್ಟಿಲ ಶಾಸ್ತ್ರ. ಅವ್ವ ಮೊದಲೇ ಹೋಗಿ ಮುಂದಿನ ಸೀಟಿನಲ್ಲಿ ಕೂತಿದ್ದಳು. ಕಲ್ಲು ಸರಿಸಿದೆ, ಹೊಸ ಚಪ್ಪಲಿ ಜಾರಿ ಬಿದ್ದೆ, ಏಳುವಷ್ಟರಲ್ಲಿ ಕಾರಿನ ಬಾಗಿಲು ಕೈಗೆ ಸಿಗದಷ್ಟು ಮುಂದೆ ಹೋಗಿತ್ತು. ಕೆಳಗೆ ಸಿಟಿ ಬಸ್ಸುಗಳು ಓಡುವ ದೊಡ್ಡ ರಸ್ತೆ. ಹಿಂದಿನ ಗಾಜಿನೊಳಗೆ ಅವ್ವನ ಬಿಳಿ ತುರುಬು ಚಿಕ್ಕದಾಗುತ್ತ ಹೋದದ್ದು ಇಂದಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ. ತಿರುವಿನಲ್ಲಿ ಯಾರೋ ಮನೆ ಕಟ್ಟಿಸಲು ಸುರಿದಿದ್ದ ಉಸುಕಿನ ರಾಶಿಗೆ ಮೂತಿ ತೂರಿಸಿ ಕಾರು ನಿಂತಿತು.

“ನನ್ನ ಕರ್ಕೊಂಡು ಕಾರ್ ಹೊಂಟ್ರ ನೀ ಎಲ್ಲಿ ಹೋಗಿದ್ದ್ಯೋ?” ಎಂದಳು ಅವ್ವ. ನಾನು ಓಡಿ ಬಂದು ಬಾಗಿಲು ತೆರೆದಿದ್ದೆ. ಅವಳು ಸ್ಟೀರಿಂಗಿನ ಪಕ್ಕದ ಪುಟ್ಟ ಗಣಪತಿಯನ್ನೂ ಅವನ ಮುಂದೆ ಮಿಣುಕುತ್ತಿದ್ದ ಕೆಂಪು ಬಲ್ಬನ್ನೂ ತೋರಿಸಿದಳು. “ನೋಡು, ದೀಪ ಸುದ್ದಾ ಆರಿಲ್ಲ. ಅವನೇ ಕಾಯ್ದ.”

ಮರುದಿನ ಸೊಲ್ಲಾಪುರದ ಕಡೆಯ, ಕಾರು ರಿಪೇರಿಯ ಮಿಸ್ತ್ರಿ ಬಸಣ್ಣ ಬಂದ. ಬ್ಯಾಟರಿಯ ಒಂದು ತಂತಿ ಬಿಚ್ಚಿ, ನಡುವೆ ಸಣ್ಣ ಬಲ್ಬೊಂದನ್ನು ಜೋಡಿಸಿದ. ಕಾರಿನಲ್ಲಿ ಎಲ್ಲವೂ ಬಂದ್ ಆಗಿದ್ದರೂ ಅದು ಹೊತ್ತಿಕೊಂಡಿತು. ಎಲ್ಲಿಂದಲೋ ಕರೆಂಟು ಸೋರುತ್ತಿತ್ತು. ಒಂದೊಂದಾಗಿ ಫ್ಯೂಜು ಕಿತ್ತ, ಅದು ಆರಲಿಲ್ಲ. ಕಡೆಗೆ ಒಳಗೆ ಬಗ್ಗಿ ನೋಡಿ ನಕ್ಕ.

“ಸಾಹೇಬ್ರ, ನನ್ನ ಬಲ್ಬ್ ಹತ್ತಿದ್ರ ನಿಮ್ಮ ಗಣಪ್ಪನ ದೀಪ ಮಂದ ಆಗ್ತದ. ಬ್ಯಾಟರಿ ಕುಡಿಯೋ ಆಸಾಮಿ ಇವನೇ ನೋಡ್ರಿ. ಯಾವ ಶ್ಯಾಣ್ಯಾ ಇದನ್ನ ಸೀದಾ ಬ್ಯಾಟರಿಗೆ ಕೊಟ್ಟಾನ್ರೀ?”

ಆ ಶ್ಯಾಣ್ಯಾ, ಆ ಬುದ್ಧಿವಂತ, ನಾನೇ. ದೇವರ ದೀಪ ಕೀಲಿ ತೆಗೆದಾಗಲೆಲ್ಲ ಆರಬಾರದೆಂದು ಅವ್ವ ಅಂದದ್ದಕ್ಕೆ, ಹಾಗೆ ಜೋಡಿಸಲು ಎಲೆಕ್ಟ್ರಿಶಿಯನ್‌ಗೆ ಹೇಳಿದ್ದೆ. ಆಮೇಲೆ ಬ್ಯಾಟರಿಯನ್ನು ಬೈದೆ, ಕಾರು ಮಾರಿದವನನ್ನು ಶಪಿಸಿದೆ. ದಿನವೂ ಎದುರಿಗೇ ಉರಿಯುತ್ತಿದ್ದುದರ ಮೇಲೆ ಅನುಮಾನ ಸುಳಿಯಲಿಲ್ಲ. ಕೈ ಮುಗಿದ ಕೂಡಲೇ ಕಣ್ಣೂ ಮುಚ್ಚುವುದು ನಮ್ಮ ರೂಢಿಯಷ್ಟೆ.

ಅವ್ವನಿಗೆ ಹೇಳಲು ಎರಡು ದಿನ ಹೆದರಿದೆ. ಕೊನೆಗೆ ಹೇಳಿದೆ. “ಹಂಗಾರ ಅವನೂ ಮಲಗಲಿ ಬಿಡಪಾ,” ಎಂದಳು. “ನಾವೇ ಅವನ್ನ ನಿದ್ದಿಗೆಡಿಸಿದ್ವಿ.”

ಅದಕ್ಕೇ ಈ ಇಣುಕಾಟ. ಈಗ ಗಣಪತಿಯ ದೀಪ ಕೀಲಿಯೊಂದಿಗೇ ಆರುತ್ತದೆ. ದೀಪ ಆರಿರುವುದನ್ನು ಕಂಡು, ಕಣ್ಣು ತೆರೆದೇ ಕೈ ಮುಗಿಯುತ್ತೇನೆ. ಇಲ್ಲಿ ಇಳಿಜಾರಿಲ್ಲ, ಕಲ್ಲೂ ಇಲ್ಲ. ಆದರೂ ಕಾರಿನ ಬಳಿಯಿಂದ ಹೊರಡುವ ಮುನ್ನ ಮುಂದಿನ ಸೀಟನ್ನು ಇನ್ನೊಮ್ಮೆ ನೋಡುತ್ತೇನೆ, ಅಲ್ಲಿ ಯಾರೂ ಕೂತಿಲ್ಲ ತಾನೇ ಎಂದು.